ಚಿಲಕ ಮೊದಲೋ, ಕೊಂಡಮುಚ್ಚು ಮೊದಲೋ

...ಅಥವಾ ಅದು ಬೇವಿನ ಎಲೆಯೇ ಆಗಿರಲಿಲ್ಲವೇನೋ. ಕರಿಬೇವು ಇದ್ದಿರಬಹುದು, ಅಕ್ಕ ಅಡುಗೆಮನೆಯಿಂದ ಎದ್ದು ಬರುವಾಗ ಕೈಯಲ್ಲಿ ಏನಾದರೊಂದು ಹಸಿರು ಹಿಡಿದೇ ಬರುತ್ತಿದ್ದಳು. ನನ್ನ ನೆನಪಿನಲ್ಲಿ ಮಾತ್ರ ಅದು ಬೇವು, ಅದೂ ಎಳೆಯ ಚಿಗುರು, ತಾಮ್ರದ ಬಣ್ಣದ್ದು. ಆದರೆ ಅದು ಸಂಡಿಗೆ ಹಾಕಿದ ದಿನ, ಅಂದರೆ ಬಿಸಿಲು ಬಲಿತ ಕಾಲ. ಅಷ್ಟು ಹೊತ್ತಿಗೆ ಸಿರುಗುಪ್ಪದ ಬೇವಿನ ಮರಗಳಲ್ಲಿ ತಾಮ್ರದ ಬಣ್ಣ ಹೋಗಿ ಹೂವು ಬಂದಿರುತ್ತದೆ. ಹಾಗಾದರೆ ಆ ಚಿಗುರನ್ನು ನಾನು ಬೇರೆ ಯಾವುದೋ ದಿನದಿಂದ ಕಿತ್ತು ತಂದು ಇಲ್ಲಿ ಅಂಟಿಸಿದ್ದೇನೆ. ಇನ್ನೂ ಏನೇನು ಅಂಟಿಸಿದ್ದೇನೋ.

ಬಾಗಿಲು ಮಾತ್ರ ಅಂಟಿಸಿದ್ದಲ್ಲ. ಅದು ಇತ್ತು. ಮೆಟ್ಟಿಲು ಮುಗಿದು ಮಾಳಿಗೆಗೆ ಕಾಲಿಡುವ ಕಡೆ, ತಗಡಿನ ಬಾಗಿಲು. ಚಿಲಕ ಹಾಕಿದರೆ ಓಣಿಗೆಲ್ಲ ಕೇಳುತ್ತಿತ್ತು. ಅದನ್ನು ಒಳಗಿನಿಂದ ಹಾಕಿದವಳು ನಾನು. ಹೊರಗೆ ಬಿಸಿಲಲ್ಲಿ ಅಕ್ಕ ಇದ್ದಳು. ಅವಳ ಎದುರು ಒಂದು ಮುಸುವ ಕೂತಿತ್ತು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಬಳ್ಳಾರಿ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ನಾನು ಕುರುಗೋಡಿನವಳು. ಇಬ್ಬರೂ ಸಿರುಗುಪ್ಪದ ಒಂದೇ ಮನೆಗೆ ಸೊಸೆಯರಾಗಿ ಬಂದೆವು, ಅವಳು ನನಗಿಂತ ನಾಲ್ಕು ವರ್ಷ ಮೊದಲು. ಆ ನಾಲ್ಕು ವರ್ಷದಲ್ಲಿ ಅವಳು ಆ ಮನೆಯಲ್ಲಿ ಒಂದು ಮಾತನ್ನು ತನ್ನದಾಗಿ ಮಾಡಿಕೊಂಡುಬಿಟ್ಟಿದ್ದಳು: ಕೈಗುಣ. ಅವಳು ಹೆಪ್ಪು ಹಾಕಿದರೆ ಮೊಸರು ಗಡ್ಡೆ ಕಟ್ಟುತ್ತಿತ್ತು. ಅವಳು ಊರಿದ ದಾಸವಾಳದ ಕಡ್ಡಿ ವಾರದಲ್ಲಿ ಕಣ್ಣು ಬಿಡುತ್ತಿತ್ತು. ಪಕ್ಕದ ಮನೆಯವರು ತಮ್ಮ ಕೂಸಿಗೆ ಮೊದಲ ತುತ್ತು ತಿನ್ನಿಸಲು ಅವಳನ್ನೇ ಕರೆದರು. ಅದೇ ಹಾಲು, ಅದೇ ಹೆಪ್ಪು, ಅದೇ ಪಾತ್ರೆಯಲ್ಲಿ ನಾನು ಹಾಕಿದರೆ ಮೇಲೆ ನೀರು, ಕೆಳಗೆ ಲೋಳೆ.

"ಅದು ಕಲಿತರ ಬರೋದಲ್ಲ ಬಿಡವಾ," ಎನ್ನುತ್ತಿದ್ದರು ಅತ್ತೆ, ನನ್ನನ್ನು ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡು. "ಕೈಯಾಗ ಇರಬೇಕು. ನಿನ್ನ ಕೈಯಾಗ ಬ್ಯಾರೆ ಏನರ ಇರ್ತೈತಿ."

ಬೇರೆ ಏನು ಎಂದು ಅವರು ಯಾವತ್ತೂ ಹೇಳಲಿಲ್ಲ. ನಾನು ಕೆಲವೊಮ್ಮೆ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಮನೆಯ ಹಿಂದಿನ ಬೇವಿನ ಮರಕ್ಕೆ ಮುಸುವ ಬಂತು. ಒಂದೇ. ದೊಡ್ಡ ಗಂಡು, ಕರಿ ಮುಖ, ಬೂದಿ ಮೈ, ಕೈಕಾಲಿಗೆ ಕರಿ ಚೀಲ ತೊಟ್ಟ ಹಾಗೆ. ಬಾಲದ ತುದಿ ಒಂದು ಗೇಣು ಇರಲಿಲ್ಲ. ಸಿರುಗುಪ್ಪದಲ್ಲಿ ಮಂಗಗಳಿಗೆ ಬರವಿಲ್ಲ. ಕೆಂಪು ಮುಖದ ಕಳ್ಳರು, ಹಪ್ಪಳ ಹೊತ್ತುಕೊಂಡು ಹೋಗುತ್ತವೆ, ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಇಳಿಯುತ್ತವೆ. ಆದರೆ ಗದ್ದೆ ಬಯಲಿನ ಆ ಊರಿಗೆ ಮುಸುವ ಅಪರೂಪ. ಪುಸ್ತಕದಲ್ಲಿ ಮುಸುವ, ಕುರುಗೋಡಿನಲ್ಲಿ ನಾವು ಮುಸ್ಯಾ ಅನ್ನುತ್ತಿದ್ದೆವು. ನಮ್ಮೂರ ಗುಡ್ಡದ ಬಂಡೆಗಳ ಮೇಲೆ ಅವು ಸಂಸಾರ ಸಮೇತ ಕೂತಿರುತ್ತಿದ್ದವು. ನಾನು ಶಾಲೆಗೆ ಹೋಗುತ್ತಿದ್ದದ್ದೇ ಅವುಗಳ ಕೆಳಗಿನ ದಾರಿಯಲ್ಲಿ. ಅವು ಎಲೆ ತಿನ್ನುವ ಜಾತಿ, ಹೊಟ್ಟೆ ದೊಡ್ಡದು, ಅರ್ಧ ದಿನ ತಿಂದು ಅರ್ಧ ದಿನ ಸುಮ್ಮನೆ ಕೂತು ಅರಗಿಸಬೇಕು, ಗುಂಪಿನಲ್ಲಿ ಸೋತ ಗಂಡು ಹೊರಬಿದ್ದು ಒಂಟಿ ಅಲೆಯುತ್ತದೆ, ಇದೆಲ್ಲ ನನಗೆ ಗೊತ್ತಿತ್ತು. ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿದ್ದದ್ದು ಅದೊಂದೇ.

"ಏನವಾ, ನಿನ್ನ ತೌರಮನಿಯವರು ಬಂದಾರಲ್ಲ," ಎಂದರು ಭಾವ, ಅಂದರೆ ಅಕ್ಕನ ಗಂಡ. "ಚಾ ಕೊಡೋ ಪದ್ಧತಿ ಇಲ್ಲೇನು?"

"ಅವು ಚಾ ಕುಡಿಯಲ್ಲರಿ. ಚಿಗುರು ತಿಂತಾವ. ಒಂದೆರಡು ದಿನ ಬಿಡ್ರಿ, ನನ್ನ ಹತ್ರ ಬರ್ತೈತಿ ನೋಡ್ರಿ. ನಮ್ಮೂರಿಂದು ಅದು."

"ಕುರುಗೋಡಿನಿಂದ ಇಲ್ಲಿಗಿ ಬರಬೇಕಾದ್ರ ಅದು ಬಸ್ ಹತ್ತಬೇಕು. ತೆಕ್ಕಲಕೋಟಿ ಗುಡ್ಡದ್ದಿರಬೇಕು."

"ನಮ್ಮೂರಿಂದ," ಎಂದೆ. ಯಾಕೆ ಅಷ್ಟು ಹಟ ಮಾಡಿದೆನೋ. ಒಂದು ಪ್ರಾಣಿ ಯಾವ ಊರಿನದು ಎಂದು ಮುಖ ನೋಡಿ ಹೇಳಲು ನನಗೆ ಬರುತ್ತದೆಯೇ? ಆದರೆ ಆ ಹೊತ್ತಿಗೆ ಅದು ನಮ್ಮೂರಿನದಾಗುವುದು ನನಗೆ ಬೇಕಾಗಿತ್ತು.

ನಾಲ್ಕು ದಿನ ಪ್ರಯತ್ನಪಟ್ಟೆ. ನಾಲ್ಕು ಅಂತ ಬರೆದೆ, ಮೂರೂ ಇರಬಹುದು. ಬೆಳಿಗ್ಗೆ ನುಗ್ಗೆ ಸೊಪ್ಪಿನ ಎಳೆ ಕುಡಿ ಆರಿಸಿ ಮಾಳಿಗೆಯ ಕಟ್ಟೆಯ ಮೇಲಿಟ್ಟು, ದೂರ ಸರಿದು, ಊರಲ್ಲಿ ನಮ್ಮಪ್ಪ ಕರೆಯುತ್ತಿದ್ದ ಹಾಗೆ ನಾಲಗೆಯಿಂದ ಲೊಚ್ ಲೊಚ್ ಎಂದು ಕರೆದೆ. ಅದು ಕೊಂಬೆಯ ಮೇಲಿಂದ ನನ್ನನ್ನು ನೋಡಿತು. ಹಲ್ಲು ಕಡಿಯಿತು. ಮುಸುವ ಹಲ್ಲು ಕಡಿದರೆ ಹತ್ತಿರ ಬರಬೇಡ ಎಂದರ್ಥ. ಅದೂ ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಐದನೆಯ ದಿನ ಸಂಡಿಗೆ. ಅತ್ತೆ ಕೆಳಗೆ ಅಂಗಳದಲ್ಲಿ ಕೂತು ಹಿಟ್ಟು ಕುದಿಸಿ ಕೊಡುತ್ತಿದ್ದರು, ನಾನು ಪಾತ್ರೆ ಹೊತ್ತು ಮೇಲೆ ತರುತ್ತಿದ್ದೆ, ಅಕ್ಕ ಹಳೆಯ ಪಂಚೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಸಂಡಿಗೆ ಇಡುವ ಕೆಲಸ ಅವಳದೇ. ಕೈಗುಣ. ನನ್ನದು ಹೊರುವ ಕೆಲಸ. ಎರಡನೆಯ ಪಾತ್ರೆ ತಂದು ಬಾಗಿಲಿಗೆ ಬಂದಾಗ ಮುಸುವ ಕೊಂಬೆಯಿಂದ ಮಾಳಿಗೆಗೆ ಹಾರಿತ್ತು. ಅಥವಾ ನಾನು ಬಂದ ಮೇಲೆ ಹಾರಿತೋ. ಕಟ್ಟೆಯ ಮೇಲೆ ನಡೆದು ಬಂತು, ಅವಸರವಿಲ್ಲದೆ. ಒಂದು ಸಲ ನನ್ನ ಕಡೆ ನೋಡಿತು. ಆಮೇಲೆ ಅಕ್ಕನ ಕಡೆ ತಿರುಗಿ ಕೆಳಗಿಳಿದು ಕೂತಿತು. ಅವಳು ಕರೆದಿರಲಿಲ್ಲ. ತಲೆಯೆತ್ತಿಯೂ ನೋಡಿರಲಿಲ್ಲ, ಹಿಟ್ಟಿನ ಕೈಯಲ್ಲಿ ಸಾಲು ಸರಿಮಾಡುತ್ತಿದ್ದಳು.

ಕೆಳಗಿನಿಂದ ಅತ್ತೆ ಕೂಗಿದರು: "ಕೊಂಡಮುಚ್ಚು! ಕೊಂಡಮುಚ್ಚು!"

ನಾನು ಬಾಗಿಲು ಮುಚ್ಚಿ ಚಿಲಕ ಹಾಕಿದೆ.

ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುವುದು ಇದೇ ಕ್ರಮದಲ್ಲಿ. ಅತ್ತೆ ಗಡಿಯಾಚೆಯ ಆಂಧ್ರದ ಊರಿನವರು. ದಿನವೆಲ್ಲ ಕನ್ನಡ, ಗಾಬರಿಯಾದರೆ ತೆಲುಗು. ತೆಲುಗಿನಲ್ಲಿ ಮುಸುವಕ್ಕೆ ಕೊಂಡಮುಚ್ಚು ಎನ್ನುತ್ತಾರೆ. ಅವರು ಅಕ್ಕನಿಗೆ ಎಚ್ಚರಿಕೆ ಕೊಡಲು ಕೂಗಿದ್ದು ಪ್ರಾಣಿಯ ಹೆಸರು. ಸಣ್ಣ ಸೊಸೆಗೆ ಕೇಳಿಸಿದ್ದು ಕನ್ನಡದ ಮುಚ್ಚು. ಅತ್ತೆ ಮುಚ್ಚು ಅಂದರು, ಇವಳು ಮುಚ್ಚಿದಳು. ನೆಂಟರು ಬಂದಾಗಲೆಲ್ಲ ಭಾವ ಇದನ್ನು ಅಭಿನಯಿಸಿ ತೋರಿಸುತ್ತಾರೆ.

"ನಮ್ಮ ಸಣ್ಣಾಕಿ ಭಾಳ ವಿಧೇಯರಿ. ಮುಚ್ಚು ಅಂದ್ರ ಸಾಕು, ಏನಿದ್ರೂ ಮುಚ್ಚಿಬಿಡ್ತಾಳ. ಬಾಯಿ ಒಂದ ಬಿಟ್ಟು!"

ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಎಷ್ಟು ಸಲ ನಕ್ಕಿದ್ದೇನೆಂದರೆ, ಈಗ ಆ ದಿನವನ್ನು ನೆನೆದರೆ ಭಾವನ ದನಿಯಲ್ಲೇ ನೆನಪಾಗುತ್ತದೆ. ನನ್ನ ಸ್ವಂತದ್ದು ಎಂದು ಉಳಿದಿರುವುದು ಚಿಲಕದ ಬಿಸಿ ಮಾತ್ರ. ಬಿಸಿಲಿಗೆ ಕಾದ ಕಬ್ಬಿಣ. ಬೆರಳು ಚುರ್ ಎಂದಿತು.

ಈ ಕಥೆಯಲ್ಲಿ ಒಂದು ತೊಡಕಿದೆ, ಯಾರೂ ಅದನ್ನು ಎತ್ತುವುದಿಲ್ಲ. ನಮ್ಮ ಕಡೆ ತೆಲುಗು ಯಾರಿಗೆ ಬರುವುದಿಲ್ಲ? ಸಂತೆಯಲ್ಲಿ ತೆಲುಗು, ಸಿನಿಮಾದಲ್ಲಿ ತೆಲುಗು. ಕುರುಗೋಡಿನ ಶಾಲೆಯಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು, ಲೆಕ್ಕ ತಪ್ಪಿ ನಾನು ಮುಖ ಊದಿಸಿಕೊಂಡು ಕೂತರೆ "ಏಮೇ ಕೊಂಡಮುಚ್ಚು" ಎಂದು ರೇಗಿಸುತ್ತಿದ್ದರು. ರೇಗಿಸಿದ್ದು ನನ್ನನ್ನೋ ನನ್ನ ಪಕ್ಕದ ಹುಡುಗಿಯನ್ನೋ, ಅದನ್ನು ಆಣೆಯಿಟ್ಟು ಹೇಳಲಾರೆ. ಯಾರನ್ನಾದರೂ ಸರಿ, ಆ ಪದ ನನ್ನ ಕಿವಿಗೆ ಹೊಸದಲ್ಲ.

ಚಿಲಕ ಹಾಕಿ ಮೆಟ್ಟಿಲ ಮೇಲೆ ಕೂತೆ, ಹಿಟ್ಟಿನ ಪಾತ್ರೆ ತೊಡೆಯ ಮೇಲೆ. ಅಕ್ಕ ಬಾಗಿಲು ಬಡಿಯುತ್ತಾಳೆ ಎಂದು ಕಾದೆ. ಬಡಿಯಲಿಲ್ಲ. ಒಂದು ಸಲ ನನ್ನ ಹೆಸರು ಹಿಡಿದು ಕೂಗಬಹುದಿತ್ತು, ಕೂಗಲಿಲ್ಲ. ಅತ್ತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ನನ್ನನ್ನು ಸರಿಸಿ ಬಾಗಿಲು ತೆಗೆದಾಗ, ಅಕ್ಕ ಗೋಡೆಯ ನೆರಳಿನಲ್ಲಿ ಕಾಲು ಮಡಚಿ ಕೂತಿದ್ದಳು. ಎರಡು ಮೊಳ ಆಚೆ ಮುಸುವ. ಅವಳು ಚಾಚಿದ ಎಲೆಯನ್ನು, ಬೇವೋ ಕರಿಬೇವೋ, ಕರಿ ಬೆರಳುಗಳಿಂದ ತೆಗೆದುಕೊಂಡು ತೊಟ್ಟು ಬಿಟ್ಟು ಎಲೆ ಮಾತ್ರ ತಿನ್ನುತ್ತಿತ್ತು. ಸಂಡಿಗೆಯ ಒಂದು ಸಾಲೂ ಕೆಟ್ಟಿರಲಿಲ್ಲ.

"ಶ್, ಸುಮ್ನಿರ್ರಿ ಅತ್ತಿ," ಎಂದಳು. "ಪಾಪ, ಹಸ್ತೈತಿ."

ಪಾಪವಂತೆ. ನನ್ನ ನುಗ್ಗೆ ಕುಡಿಗಳು ಕಟ್ಟೆಯ ಮೇಲೆ ಬಾಡಿಕೊಂಡು ಬಿದ್ದಿದ್ದವು.

ಅಲ್ಲಿಂದ ಮುಂದೆ ಮಳೆ ಬೀಳುವವರೆಗೆ ಅದು ಅವಳದಾಯಿತು. ಬೆಳಿಗ್ಗೆ ಅವಳು ಮೇಲೆ ಹೋದರೆ ಇಳಿದು ಬರುತ್ತಿತ್ತು. ಅದು ಇದ್ದಷ್ಟು ದಿನ ಮಂಗಗಳು ನಮ್ಮ ಮಾಳಿಗೆಗೆ ಕಾಲಿಡಲಿಲ್ಲ. ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಹಪ್ಪಳ ಸಂಡಿಗೆ ತಂದು ನಮ್ಮಲ್ಲೇ ಒಣಗಿಸಿದರು, ಅಕ್ಕನ ಕೈಗುಣವನ್ನು ಹೊಗಳುತ್ತ. ಒಮ್ಮೆ ನಾನು ಅವಳ ಸೀರೆ ಉಟ್ಟು ಹೋದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅವಳ ಹಸಿರು ಸೀರೆ, ಅವಳದೇ ಎಲೆ, ಅವಳು ಕೂರುತ್ತಿದ್ದ ಜಾಗ. ಮುಸುವ ಇಳಿಯಿತು, ಅರ್ಧ ದಾರಿ ಬಂತು, ನಿಂತಿತು. ಹಲ್ಲು ಕಡಿಯಿತು.

ಒಂದು ದಿನ ಅದು ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಅಕ್ಕ ಒಂದು ವಾರ ಸೊಪ್ಪು ಹಿಡಿದು ಮೇಲೆ ಹೋಗಿ ಬಂದಳು. ಆ ವಾರ ನಾನು ಚೆನ್ನಾಗಿ ಊಟ ಮಾಡಿದೆ.

ನಾವು ಬಳ್ಳಾರಿಗೆ ಬಂದದ್ದು ಅದಾದ ಮೇಲೆ. ಬ್ರೂಸ್‌ಪೇಟೆಯ ಹತ್ತಿರ ಗಂಡ ಫ್ಲೆಕ್ಸ್ ಅಂಗಡಿ ಇಟ್ಟರು, ಡಿಸೈನ್ ಕೆಲಸ ನನ್ನದು. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಫೋಟೋಕ್ಕೆ ಬಾರದವರನ್ನು ಸೇರಿಸುವುದು, ಜಗಳವಾದ ಮೇಲೆ ಸೇರಿದ್ದವರನ್ನು ತೆಗೆಯುವುದು. ಯಾರ ಪಕ್ಕದಲ್ಲಿ ಯಾರು ನಿಂತಿದ್ದರು ಎಂಬುದು ನನ್ನ ಬೆರಳ ತುದಿಯಲ್ಲಿ ಬದಲಾಗುತ್ತದೆ. ಹಾಗಾಗಿ ನೆನಪಿನ ಬಗ್ಗೆ ನನಗೆ ಮೊದಲಿದ್ದ ಗೌರವ ಈಗಿಲ್ಲ.

ಬ್ರೂಸ್‌ಪೇಟೆಯ ಹಣ್ಣಿನ ಅಂಗಡಿಯವರೊಬ್ಬರು ಬಂದು ಮುಸುವದ ಫ್ಲೆಕ್ಸ್ ಬೇಕೆಂದರು. ಅಂಗಡಿಯ ಮುಂದೆ ಕಟ್ಟಿದರೆ ಮಂಗ ಹೆದರುತ್ತವಂತೆ. "ದೊಡ್ಡದಿರಲಿ ಅಮ್ಮಾ. ಕಣ್ಣು ನೆಟ್ಟಗ ನೋಡೋ ಹಂಗ ಇರಬೇಕು." ಗಂಡನಿಗೆ ಹಳೆಯ ವಿಡಿಯೋ ನೆನಪಾಯಿತು. ಅಂದು ಪಕ್ಕದ ಮಾಳಿಗೆಯಲ್ಲಿ ತಲೆ ಒಣಗಿಸುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದದ್ದು, ನಮ್ಮ ಮನೆಯ ಗ್ರೂಪಿನಲ್ಲಿ ಇನ್ನೂ ಇತ್ತು. ಅದರಿಂದ ಒಂದು ಚಿತ್ರ ತೆಗೆದೆ. ಮುಸುವದ ಮುಖ ಸ್ಪಷ್ಟವಾಗಿ, ಕಣ್ಣು ನೆಟ್ಟಗೆ. ಅದು ನೋಡುತ್ತಿದ್ದದ್ದು ಅಕ್ಕನ ಕೈಯನ್ನು; ಹಸಿರು ಬಳೆ, ಹಿಟ್ಟು ಮೆತ್ತಿದ ಬೆರಳು, ಯಾವುದೆಂದು ಗೊತ್ತಾಗದಷ್ಟು ಮಸುಕಾದ ಎಲೆ. ನಾನು ಕೈಯನ್ನು ಕತ್ತರಿಸಿದೆ. ಕೈ ಇದ್ದರೆ ಮಂಗ ಹೆದರುವುದಿಲ್ಲ ಎಂದು ಗಂಡನಿಗೆ ಹೇಳಿದೆ. ನಿಜವೂ ಹೌದು. ಆದರೆ ಮೌಸ್ ಒತ್ತಿದಾಗ ಆದ ಖುಷಿ ಮಂಗಗಳಿಗೆ ಸಂಬಂಧಪಟ್ಟದ್ದಲ್ಲ.

ಆ ಫ್ಲೆಕ್ಸ್ ಈಗ ಪೇಟೆಯ ಹಲವು ಅಂಗಡಿಗಳ ಮೇಲಿದೆ. ಮೊದಲ ವಾರ ಮಂಗಗಳು ಹೆದರಿದವು. ಆಮೇಲೆ ಅದರ ಮೇಲೇ ಕೂತು ಬಾಳೆಹಣ್ಣು ಸುಲಿದವು.

ಕಳೆದ ದೀಪಾವಳಿಗೆ ಸೀರೆ ತೆಗೆಯಲು ಅಕ್ಕ ಬಳ್ಳಾರಿಗೆ ಬಂದಳು. ಇಬ್ಬರೂ ಬ್ರೂಸ್‌ಪೇಟೆಯ ಇಕ್ಕಟ್ಟಿನಲ್ಲಿ ಚೀಲ ಹಿಡಿದು ಹೋಗುತ್ತಿದ್ದೆವು. ಅವಳು ನಿಂತುಬಿಟ್ಟಳು. ಹಿಂದೆ ಬರುತ್ತಿದ್ದವರು ಗೊಣಗಿದರು.

"ಏ, ಇದು ನಮ್ಮದಲ್ಲೇನಲೇ?"

"ಯಾವುದು?"

"ಮ್ಯಾಲೆ ನೋಡು. ನಮ್ಮ ಮಾಳಿಗಿ ಕಟ್ಟಿ ಅದು, ಬಿರುಕು ಸೈತ ಕಾಣಾಕತ್ತೈತಿ." ಸೊಂಟಕ್ಕೆ ಕೈ ಕೊಟ್ಟು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಜೋರಾಗಿ ನಕ್ಕಳು. "ನನ್ನ ಕೈ ಎಲ್ಲಿ ಹೋತು?"

"ಜಾಗ ಸಾಲಲಿಲ್ಲಕ್ಕಾ."

"ಅಷ್ಟು ದೊಡ್ಡ ಫ್ಲೆಕ್ಸಿನಾಗ?"

ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ನಡೆದಳು. ಸೀರೆ ಅಂಗಡಿಯಲ್ಲಿ ನನಗೂ ಒಂದು ಆರಿಸಿದಳು. ಹಸಿರು. ಅವಳು ಬೇಕೆಂದೇ ಆ ಬಣ್ಣ ಆರಿಸಿದಳೋ, ಅಥವಾ ಅದು ಬೇರೆ ಬಣ್ಣದ್ದಾಗಿದ್ದು ನಾನೇ ಹಸಿರು ಮಾಡುತ್ತಿದ್ದೇನೋ. ಕಪಾಟು ತೆಗೆದು ನೋಡಬಹುದು. ನೋಡಿದೆ. ಗಿಳಿಹಸಿರು.

ಈ ವರ್ಷ ನಮ್ಮಣ್ಣನ ಮಗಳ ಕುಬಸಕ್ಕೆ, ಮೊದಲ ಬಸುರಿಗೆ ಸೀರೆ ಕುಬಸ ಉಡಿಸುವ ಕಾರ್ಯಕ್ಕೆ, ಎಲ್ಲರೂ ಕುರುಗೋಡಿಗೆ ಹೋಗಿದ್ದೆವು. ಬೆಳಿಗ್ಗೆ ಅಡುಗೆಯವರು ಇನ್ನೂ ಒಲೆ ಹಚ್ಚುತ್ತಿದ್ದಾಗ ಅಕ್ಕ ನನ್ನ ಕೈ ಹಿಡಿದೆಳೆದಳು. "ಗುಡ್ಡದ ಕಡಿ ಹೋಗಿ ಬರೂಣ ನಡಿ. ನಮ್ಮದು ಕಾಣ್ತೈತೇನೋ." ನಾನು ಬೇಡವೆಂದೆ, ಬಿಸಿಲು ಎಂದೆ, ಹೋದೆ.

ಬಂಡೆಗಳ ಮೇಲೆ ಹದಿನೈದಿಪ್ಪತ್ತು ಮುಸುವಗಳು ಎಳೆಬಿಸಿಲಿಗೆ ಎದೆ ಕೊಟ್ಟು ಕೂತಿದ್ದವು. ನಾನು ಶಾಲೆಗೆ ಹೋಗುತ್ತಿದ್ದಾಗ ಕೂತಿರುತ್ತಿದ್ದ ಹಾಗೆಯೇ.

"ಇದರಾಗ ನಮ್ಮದು ಯಾವುದು?"

"ಬಾಲ ನೋಡಬೇಕು. ಮೊಂಡು ಬಾಲ."

ಎಲ್ಲಕ್ಕೂ ಉದ್ದ ಬಾಲ. ಒಂದು ಮಾತ್ರ ದೂರದಲ್ಲಿ, ಬಂಡೆಯ ಆ ಕಡೆಗೆ ಬಾಲ ಬಿಟ್ಟುಕೊಂಡು ಕೂತಿತ್ತು, ಕಾಣಿಸುತ್ತಿರಲಿಲ್ಲ. ಅಕ್ಕ ಹುಣಸೆ ಮರದ ಚಿಗುರು ಕಿತ್ತು ಅರ್ಧ ನನಗೆ ಕೊಟ್ಟಳು. ಇಬ್ಬರೂ ಕೈ ಚಾಚಿ ನಿಂತೆವು, ಎರಡೆರಡು ಮಕ್ಕಳ ತಾಯಂದಿರು, ಕುಬಸಕ್ಕೆಂದು ಉಟ್ಟ ರೇಷ್ಮೆ ಸೀರೆಯಲ್ಲಿ. ನಾನು ಒಳಗೊಳಗೇ ಬೇಡಿಕೊಂಡೆ. ನನ್ನ ಕೈಗೆ ಬರಲಿ ಎಂದಲ್ಲ. ಅವಳ ಕೈಗೆ ಬರದಿರಲಿ ಎಂದು.

ಒಂದು ತಾಯಿ ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ಇಳಿದು ಬಂತು, ನಮ್ಮನ್ನು ನೋಡಿತು, ನಮ್ಮ ತಲೆಯ ಮೇಲಿನ ಕೊಂಬೆಗೆ ಹಾರಿ ಅಲ್ಲಿದ್ದ ಚಿಗುರನ್ನೇ ತಿನ್ನತೊಡಗಿತು.

"ಮರಾನ ಐತಿ, ನಮ್ಮ ಕೈ ಯಾಕ ಬೇಕು ಅದಕ," ಎಂದು ಅಕ್ಕ ನಕ್ಕು ಕೈಯಲ್ಲಿದ್ದ ಚಿಗುರನ್ನು ತಾನೇ ಬಾಯಿಗೆ ಹಾಕಿಕೊಂಡಳು. "ತಿನ್ನು, ಹುಳಿ ಭಾಳ ಚಲೋ ಐತಿ."

ತಿಂದೆ. ನಿಜಕ್ಕೂ ಚೆನ್ನಾಗಿತ್ತು. ಇಬ್ಬರೂ ಅಗಿಯುತ್ತ ನಿಂತಿದ್ದಾಗ, ಅವಳು ನನ್ನನ್ನು ನೋಡದೆ, ಬಂಡೆಯ ಕಡೆ ನೋಡುತ್ತ ಕೇಳಿದಳು:

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತು ಅತ್ತಿ ಕೂಗಿದ್ದು ಮೊದಲೋ, ನೀ ಚಿಲಕ ಹಾಕಿದ್ದು ಮೊದಲೋ?"

ಇಷ್ಟು ವರ್ಷ ಅವಳೂ ಭಾವನ ಕಥೆಗೆ ಎಲ್ಲರ ಜೊತೆ ನಕ್ಕಿದ್ದಾಳೆ. ಹಾಗೆ ನಗುತ್ತಿದ್ದಾಗಲೂ ಈ ಪ್ರಶ್ನೆ ಅವಳ ಬಾಯಲ್ಲಿ ಇತ್ತು.

"ಅತ್ತಿ ಕೂಗಿದ್ದು," ಎಂದೆ. ತಟ್ಟನೆ.

"ನನಗ ಹಿಂದಿಂದ ಮೊದಲು ಚಿಲಕ ಕೇಳಿದಂಗ ಆತು. ಅದಕ ನಾ ಬಾಗಲಾ ಬಡೀಲಿಲ್ಲ."

"ಬಡೀಬೇಕಿತ್ತು. ತಗೀತಿದ್ದೆ."

"ತಗೀದಿದ್ರ?" ಎಂದಳು. ಹುಣಸೆಯ ನಾರು ಉಗಿದಳು. "ಹೋಗ್ಲಿ ಬಿಡು. ನನಗ ತಪ್ಪು ಕೇಳಿರಬೇಕು. ನಡಿ, ಆರತಿಗೆ ಹೊತ್ತಾತು."

ಹಿಂತಿರುಗುವಾಗ ಅವಳು ಮುಂದೆ, ನಾನು ಹಿಂದೆ. ಅವಳ ಕೈಗಳು ಖಾಲಿ, ಅಕ್ಕಪಕ್ಕ ಬೀಸುತ್ತಿದ್ದವು.

ಬಳ್ಳಾರಿಗೆ ಬಂದ ಮೇಲೆ ಅತ್ತೆಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಕೇಳಿದೆ, ಅವತ್ತು ಎಷ್ಟು ಸಲ ಕೂಗಿದಿರಿ ಎಂದು.

"ಯಾವತ್ತಿಂದು? ಕೊಂಡಮುಚ್ಚುಂದಾ? ಎಷ್ಟ ಸಲಾ ಏನ, ಒಲಿ ಮುಂದ ಕುಂತಿದ್ನಿ, ಗಂಟಲು ಹರಿಯೋ ಹಂಗ ಕೂಗಿದ್ನಿ. ಯಾಕವಾ?"

"ಸುಮ್ನ."

ಆಮೇಲೆ ಅಂಗಡಿಯ ದೊಡ್ಡ ಕಂಪ್ಯೂಟರಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ವಿಡಿಯೋ ನೋಡಿದೆ. ಬಾಗಿಲು ಚಿತ್ರದಲ್ಲಿಲ್ಲ. ಅಕ್ಕನ ಬೆನ್ನು, ಸಂಡಿಗೆ, ಕಟ್ಟೆಯಿಂದ ಇಳಿಯುತ್ತಿರುವ ಮುಸುವ. ಚಿಲಕದ ಸದ್ದು ಸ್ಪಷ್ಟವಾಗಿ ಕೇಳುತ್ತದೆ, ಠಣ್ ಎಂದು. ಅದಾದ ಮೇಲೆ ಅತ್ತೆಯ ಕೂಗು, ಎರಡು ಸಲ. ಅದಾದ ಮೇಲೆ. ಆದರೆ ವಿಡಿಯೋ ಶುರುವಾಗುವ ಮೊದಲ ಕ್ಷಣದಲ್ಲೇ, ಚಿಲಕಕ್ಕೂ ಮುಂಚೆ, ಇನ್ನೊಂದು ಸದ್ದಿದೆ. ಅರ್ಧ ಕತ್ತರಿಸಿದ್ದು, ಕೊನೆಯ ಚೂರು ಮಾತ್ರ. ಅತ್ತೆಯ ಮೊದಲ ಕೂಗಿನ ಕೊನೆಯೂ ಆಗಿರಬಹುದು, ಯಾರದೋ ಮನೆಯ ಕುಕ್ಕರಿನ ಸೀಟಿಯೂ ಆಗಿರಬಹುದು. ನಿಧಾನ ಮಾಡಿ ಕೇಳಿದೆ, ಜೋರು ಮಾಡಿ ಕೇಳಿದೆ. ಒಮ್ಮೆ ಮುಚ್ಚು ಎಂದು ಕೇಳುತ್ತದೆ, ಒಮ್ಮೆ ಉಸ್ಸೆಂದು ಮಾತ್ರ.

ಅತ್ತೆ ಕೂಗಿದ್ದು ಮೊದಲೋ, ನನ್ನ ಕೈ ಚಿಲಕಕ್ಕೆ ಹೋದದ್ದು ಮೊದಲೋ ನನಗೆ ಗೊತ್ತಿಲ್ಲ. ಅಕ್ಕನ ಮುಂದೆ ಮಾತ್ರ ಗೊತ್ತಿದ್ದವಳ ಹಾಗೆ ಹೇಳಿದ್ದೆ, ಅತ್ತೆ ಕೂಗಿದ್ದು ಎಂದು.